ವಿಲುಕಪ್ ಸೋನಾ ಭತ್ತಕ್ಕೆ ಆರ್‌ಎನ್‌ಆರ್ ದರ ತೋರಿಸಿದರೆ

ಅಣ್ಣ, ನಿಮ್ಮ ಫೋಟೊ ನೋಡಿದೆ. ಸಿಂಧನೂರಿನಲ್ಲಿ ಮಾರಿದ ಭತ್ತದ ಲೆಕ್ಕವನ್ನು ಗೂಗಲ್ ಶೀಟ್‌ಗೆ ಹಾಕಿದ್ದೀರಿ, ತಳಿ ಸೋನಾ ಅಂತ ಇದ್ದರೂ ಬೇರೆ ತಳಿಯಾದ ಆರ್‌ಎನ್‌ಆರ್ ದರ ಬರುತ್ತಿದೆ, ಅಲ್ವಾ? ಶೀಟ್ ಕೆಟ್ಟಿಲ್ಲ. ಪಟ್ಟಿಯಲ್ಲಿ ಹೆಸರು ಹುಡುಕಿ ಅದರ ದರ ತರುವ ವಿಲುಕಪ್ ಫಾರ್ಮುಲಾದ ಬ್ರಾಕೆಟ್ಟಿನೊಳಗೆ ಕೊನೇದೊಂದು ಬಿಟ್ಟುಹೋಗಿದೆ.

ನೀವು ಬರೆದದ್ದು:
=ವಿಲುಕಪ್(ಬಿ2, ಎಫ್2:ಜಿ6, 2)

ಬೇಕಿರುವುದು:
=ವಿಲುಕಪ್(ಬಿ2, $ಎಫ್$2:$ಜಿ$6, 2, ಫಾಲ್ಸ್)

(ಶೀಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ: ವಿಲುಕಪ್ ಅಂದರೆ VLOOKUP, ಫಾಲ್ಸ್ ಅಂದರೆ FALSE, ಮುಂದೆ ಬರುವ ಸಮ್ SUM, ರೌಂಡ್ ROUND, ಟ್ರಿಮ್ TRIM. ಬಿ2ರಲ್ಲಿ ತಳಿಯ ಹೆಸರು, ಎಫ್ ಮತ್ತು ಜಿ ಕಾಲಂನಲ್ಲಿ ತಳಿ-ದರದ ಪಟ್ಟಿ.)

ಬ್ರಾಕೆಟ್ಟಿನೊಳಗೆ ಕಾಮಾ ಹಾಕಿ ಬರೆಯುವುದೆಲ್ಲ ಆರ್ಗ್ಯುಮೆಂಟ್. ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಏನು ಹುಡುಕಬೇಕು, ಎಲ್ಲಿ ಹುಡುಕಬೇಕು, ಎಷ್ಟನೇ ಕಾಲಂನ ಉತ್ತರ ಬೇಕು, ಕೊನೆಗೆ ತಾಳೆ ಹೇಗಿರಬೇಕು. ಈ ನಾಲ್ಕನೆಯದನ್ನು ಬಿಟ್ಟರೂ ಶೀಟ್ ತಕರಾರು ಮಾಡುವುದಿಲ್ಲ. ಸುಮ್ನೆ ಟ್ರೂ ಅಂತ ತಾನೇ ಹಿಡಿದುಕೊಳ್ಳುತ್ತದೆ. ಟ್ರೂ ಅಂದರೆ ಅಂದಾಜು ತಾಳೆ. ಅದು ಸರಿ ಬರಬೇಕಾದರೆ ತಳಿಗಳ ಪಟ್ಟಿ ಅಕ್ಷರ ಕ್ರಮದಲ್ಲಿ ಇರಬೇಕು. ನಿಮ್ಮದು ಹಾಗಿಲ್ಲ, ಅದಕ್ಕೇ ಯಾವುದೋ ಸಾಲಿನ ದರ ಬಂದು ಕೂತಿದೆ. ಫಾಲ್ಸ್ ಹಾಕಿದರೆ ಹೆಸರು ಪೂರ್ತಿ ಹೊಂದಿದರೆ ಮಾತ್ರ ದರ ಕೊಡುತ್ತದೆ, ಇಲ್ಲದಿದ್ದರೆ ಎನ್‌/ಎ (ಸಿಗಲಿಲ್ಲ ಅಂತ) ತೋರಿಸುತ್ತದೆ. ತಪ್ಪು ದರಕ್ಕಿಂತ ಅದೇ ವಾಸಿ, ಕಣ್ಣಿಗಾದರೂ ಬೀಳುತ್ತದೆ.

ಜಿ ಏಳನೇ ಕಾಲಂ ಅಂತ 7 ಹಾಕಬೇಡಿ. ಎಣಿಕೆ ನೀವು ಕೊಟ್ಟ ಪಟ್ಟಿಯಿಂದ ಶುರು, ಎಫ್ ಒಂದು, ಜಿ ಎರಡು. ಡಾಲರ್ ಗುರುತು ಇಲ್ಲದಿದ್ದರೆ ಫಾರ್ಮುಲಾ ಕೆಳಗೆ ಎಳೆದಾಗ ಪಟ್ಟಿಯೂ ಜೊತೆಗೆ ಜಾರುತ್ತದೆ.

ಇನ್ನೊಂದು, ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ಫಾರ್ಮುಲಾದೊಳಗೆ ದರವನ್ನು 1,850 ಅಂತ ಕಾಮಾ ಹಾಕಿ ಬರೆಯುತ್ತಾರೆ. ಶೀಟಿಗೆ ಅದು 1 ಮತ್ತು 850, ಎರಡು ಆರ್ಗ್ಯುಮೆಂಟ್. =ಸಮ್(1,850) ಹೊಡೆದು ನೋಡಿ, 851 ಬರುತ್ತದೆ! 1850 ಅಂತಲೇ ಬರೆಯಿರಿ. ಹಾಗೇ ಸಮ್(ಸಿ2,ಸಿ10) ಅಂದರೆ ಎರಡೇ ಮನೆ ಕೂಡುತ್ತದೆ, ನಡುವಿನವೂ ಸೇರಬೇಕಾದರೆ ಸಿ2:ಸಿ10.

75 ಕೆಜಿ ಚೀಲದ ಲೆಕ್ಕಕ್ಕೆ =ರೌಂಡ್(ಸಿ2/75*ಡಿ2, 0) ಸಾಕು, ಸಿ2 ತೂಕ, ಡಿ2 ಒಂದು ಚೀಲದ ದರ. ಕಾಟಾ 6250 ಕೆಜಿ, ದರ 1850 ಇದ್ದರೆ 154167 ಬರುತ್ತದೆ. ಆ ಸೊನ್ನೆ ಬದಲು -1 ಹಾಕಿದರೆ 154170, ಚಿಲ್ಲರೆ ತಾಪತ್ರಯ ಇಲ್ಲ. ಖರೀದಿದಾರರು ಒಪ್ಪಬೇಕಷ್ಟೇ.

ಫಾಲ್ಸ್ ಹಾಕಿದ ಮೇಲೂ ಎನ್‌/ಎ ಬಂದರೆ ಸೋನಾ ಪಕ್ಕ ಒಂದು ಸ್ಪೇಸ್ ಉಳಿದಿದೆಯಾ ನೋಡಿ. ಬಿ2 ಇರುವ ಕಡೆ ಟ್ರಿಮ್(ಬಿ2) ಅಂತ ಬರೆಯಿರಿ. ಆಗಲೂ ಆಗದಿದ್ದರೆ ಎಫ್ ಕಾಲಂ ಪೂರ್ತಿ ಕಾಣುವ ಹಾಗೆ ಇನ್ನೊಂದು ಫೋಟೊ ಹಾಕಿ.