ಬರೀ ಸಂಭಾಷಣೆಯಲ್ಲೇ ಕಥೆ ಬರೆಯುತ್ತೇನೆ, ಓದುಗರು ಅರ್ಧಕ್ಕೇ ಬಿಡುತ್ತಾರೆ. ಯಾವ ಆ್ಯಪ್‌ಗೆ ಬದಲಾಯಿಸಲಿ?

ಆ್ಯಪ್ ಬದಲಾಯಿಸಬೇಡಿ. ಹದಿನಾರನೇ ವಯಸ್ಸಿನಲ್ಲಿ ನಾನೂ ಇವೇ ಕಥೆ ಬರೆಯುತ್ತಿದ್ದೆ. ವರ್ಣನೆ ಇಲ್ಲ, ನಿರೂಪಣೆ ಇಲ್ಲ, ಚಾಟ್‌ನಲ್ಲಿ ಇಬ್ಬರ ಮೆಸೇಜು ಅಷ್ಟೇ. ನೀವು ಪ್ರಶ್ನೆಯ ಜೊತೆ ಹಾಕಿರುವ ಹನ್ನೆರಡು ಸಾಲು ಓದಿದೆ. ನನಗೆ 31 ಕಂತು ದಂಡವಾದ ತಪ್ಪು ಅಲ್ಲೂ ಇದೆ.

ನನ್ನದು ಅಕ್ಕ-ತಮ್ಮನ ಕಥೆ. ಅಕ್ಕ ಊರಲ್ಲಿ, ತಮ್ಮ ಹಾಸ್ಟೆಲಲ್ಲಿ. ಅಕ್ಕನ ಮಾತು ಎಡಗಡೆ ಹಸಿರು ಗುಳ್ಳೆಯಲ್ಲಿ, ತಮ್ಮನದು ಬಲಗಡೆ ನೀಲಿ ಗುಳ್ಳೆಯಲ್ಲಿ, ಮೇಲೆ ಹೆಸರು. ಇದನ್ನು ಧ್ವನಿಕಥೆ ಮಾಡೋಣ ಅಂತ ಒಬ್ಬರು ಕೇಳಿದಾಗ ಸಾಲುಗಳನ್ನು ಕಾಪಿ ಮಾಡಿ ಕಳಿಸಿದೆ. ಕಾಪಿಯಲ್ಲಿ ಬಣ್ಣವೂ ಬರಲಿಲ್ಲ, ಹೆಸರೂ ಬರಲಿಲ್ಲ. "ಯಾವ ಸಾಲು ಯಾರದು?" ಅಂತ ಉತ್ತರ ಬಂತು. ಗುರುತು ಹಾಕೋಣ ಅಂತ ಕೂತರೆ ನಾಲ್ಕನೇ ಕಂತಿನಲ್ಲಿ ನನಗೇ ಗೊತ್ತಾಗಲಿಲ್ಲ. ಅವರು ಕೈಬಿಟ್ಟರು.

ಆ ಕಂತು ಹೀಗಿತ್ತು:

— ನಿನ್ನೆ ಯಾಕೆ ಬರಲಿಲ್ಲ?
— ಕೆಲಸ ಇತ್ತು.
— ಸುಳ್ಳು ಹೇಳಬೇಡ.
— ಸುಳ್ಳಲ್ಲ.
— ಅಮ್ಮ ಕಾಯುತ್ತಿದ್ದರು.
— ಗೊತ್ತು.

ಗುಳ್ಳೆಯಲ್ಲಿ ಓದಿದರೆ ಚೆನ್ನಾಗಿಯೇ ಇತ್ತು. ಬಣ್ಣ ತೆಗೆದ ಮೇಲೆ ಇಬ್ಬರೂ ಒಬ್ಬರೇ. ನಾನು ಪಾತ್ರಗಳಿಗೆ ಬಣ್ಣ ಕೊಟ್ಟಿದ್ದೆ, ಮಾತು ಕೊಟ್ಟಿರಲಿಲ್ಲ. ಓದುಗರಿಗೆ ಇದು ತಪ್ಪು ಅಂತ ಹೊಳೆಯುವುದಿಲ್ಲ, ಬಣ್ಣ ನೋಡಿ ಓದಿಕೊಂಡು ಹೋಗುತ್ತಾರೆ. ಆದರೆ ಎರಡು ದನಿ ಕಿವಿಗೆ ಬೀಳುವುದೇ ಇಲ್ಲ. ಜಗಳ ನಡೆಯುತ್ತಿದ್ದರೂ ಒಬ್ಬನೇ ಗೊಣಗುತ್ತಿರುವ ಹಾಗಿರುತ್ತದೆ, ಹತ್ತು ಕಂತಿನ ಹೊತ್ತಿಗೆ ಬೇಜಾರಾಗುತ್ತದೆ. ಯಾಕೆ ಬೇಜಾರಾಯಿತು ಅಂತ ಅವರಿಗೂ ಹೇಳಲು ಬರುವುದಿಲ್ಲ. ನಿಮ್ಮ ಓದುಗರು ಬಿಟ್ಟುಹೋಗುತ್ತಿರುವುದೂ ಇದಕ್ಕೇ ಅಂತ ನನ್ನ ಅಂದಾಜು. ನಿಮ್ಮ ಹನ್ನೆರಡು ಸಾಲಲ್ಲಿ ಹೆಸರುಗಳನ್ನು ಬೆರಳಿನಿಂದ ಮುಚ್ಚಿ ಓದಿದಾಗ ಐದು ಸಾಲು ಯಾರದೆಂದು ನನಗೆ ತಿಳಿಯಲಿಲ್ಲ.

ಅದೇ ಕಂತನ್ನು ತಿದ್ದಿದ್ದು ಹೀಗೆ:

— ನಿನ್ನೆ ಬರ್ಲೇ ಇಲ್ವಲ್ಲೋ
— ಲ್ಯಾಬ್ ಇತ್ತು ಅಕ್ಕಾ
— ಭಾನುವಾರ ಎಂಥ ಲ್ಯಾಬೋ?
— ಊಟಕ್ಕೆ ಏನ್ ಮಾಡಿದ್ರಿ
— ಅಮ್ಮ ನಿನ್ ತಟ್ಟೆ ಮುಚ್ಚಿಟ್ಟಿದ್ಲು. ರಾತ್ರಿ ಹನ್ನೊಂದರ ತನಕ.

ಇಲ್ಲಿ ಕೆಲಸ ಮಾಡಿದ್ದು ಕನ್ನಡವೇ. "ಇಲ್ವಲ್ಲೋ" ಅಂದ ತಕ್ಷಣ ಕೇಳಿಸಿಕೊಳ್ಳುತ್ತಿರುವವನು ಹುಡುಗ, ಸಲಿಗೆಯವನು, ಬಹುಶಃ ಚಿಕ್ಕವನು ಅಂತ ಗೊತ್ತಾಗುತ್ತದೆ. "ಇಲ್ವಲ್ಲೇ" ಅಂದಿದ್ದರೆ ಹುಡುಗಿ, "ಇಲ್ವಲ್ರೀ" ಅಂದಿದ್ದರೆ ಸಂಬಂಧವೇ ಬೇರೆ. ನಮ್ಮ ಭಾಷೆಯಲ್ಲಿ ಸಾಲಿನ ಕೊನೆಯ ಒಂದು ಅಕ್ಷರ ಇಷ್ಟು ಹೇಳುತ್ತದೆ. ಅದನ್ನು ಬಿಟ್ಟು "ಬರಲಿಲ್ಲ", "ಹೋಗುತ್ತೇನೆ" ಅಂತ ಪುಸ್ತಕದ ಕನ್ನಡದಲ್ಲಿ ಬರೆದರೆ ಕೈಯಲ್ಲಿದ್ದದ್ದನ್ನು ಕಳೆದುಕೊಂಡ ಹಾಗೆ. ನಾಲ್ಕನೇ ಸಾಲನ್ನೂ ನೋಡಿ. ತಮ್ಮ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ, ಊಟದ ವಿಷಯ ಎತ್ತಿದ. ಅವನು ಸುಳ್ಳು ಹೇಳಿದ್ದು ಅಲ್ಲಿ ಸಿಕ್ಕಿಬೀಳುತ್ತದೆ. "ಸುಳ್ಳು ಹೇಳಬೇಡ" ಅನ್ನುವ ಸಾಲೇ ಬೇಕಾಗಲಿಲ್ಲ.

ಈಗ ನಾನು ಕೆಲಸ ಮಾಡುವ ಕ್ರಮ ಇದು. ಮೊದಲ ಕರಡನ್ನು ಆ್ಯಪಿನಲ್ಲಿ ಬರೆಯುವುದಿಲ್ಲ, ಫೋನಿನ ನೋಟ್ಸಿನಲ್ಲಿ ಹೆಸರಿಲ್ಲದೆ ಬರೆಯುತ್ತೇನೆ. ಮೂರು ದಿನ ಬಿಟ್ಟು ಇಪ್ಪತ್ತು ಸಾಲು ಸ್ನೇಹಿತರಿಗೆ ಕಳಿಸಿ, ಪ್ರತಿ ಸಾಲಿನ ಮುಂದೆ ಅದು ಯಾವ ಪಾತ್ರದ ಮಾತು ಅಂತ ಒಂದು ಅಥವಾ ಎರಡು ಹಾಕಿಸುತ್ತೇನೆ. ಎರಡಕ್ಕಿಂತ ಹೆಚ್ಚು ತಪ್ಪಾದರೆ ಆ ಕಂತು ಮತ್ತೆ ಬರೆಯಬೇಕು. ಪರೀಕ್ಷೆಗೆ ಸಾಲುಗಳನ್ನು ಮಧ್ಯದಿಂದ ತೆಗೆದುಕೊಳ್ಳಿ, ಸರದಿ ಪ್ರಕಾರ ಊಹಿಸಲು ಬಿಡಬೇಡಿ. ಅದಕ್ಕಾಗಿ ಒಬ್ಬರೇ ಸತತ ಎರಡು-ಮೂರು ಮೆಸೇಜು ಹಾಕುವ ಜಾಗ ಆರಿಸಿ. ಜೊತೆಗೆ ಪ್ರತಿ ಪಾತ್ರಕ್ಕೂ ಒಂದು ಚೀಟಿ: "ಬರ್ತಿದೀನಿ" ಬರೆಯುತ್ತಾಳೋ "ಬರ್ತಾ ಇದೀನಿ" ಬರೆಯುತ್ತಾಳೋ, ಪೂರ್ಣವಿರಾಮ ಹಾಕುತ್ತಾಳೋ ಇಲ್ಲವೋ, ಒಂದೇ ಉದ್ದ ಮೆಸೇಜೋ ಮೂರು ತುಂಡೋ, ಸಿಟ್ಟು ಬಂದಾಗ ಮಾತು ಉದ್ದವಾಗುತ್ತದೋ ನಿಂತೇ ಹೋಗುತ್ತದೋ. ನನ್ನ ಕಥೆಯ ಅಕ್ಕ ಪೂರ್ಣವಿರಾಮ ಹಾಕುವುದು ಸಿಟ್ಟು ಬಂದಾಗ ಮಾತ್ರ. ಮೇಲೆ ತಿದ್ದಿದ ಕಂತಿನ ಕೊನೆಯ ಸಾಲಲ್ಲಿ ಎರಡಿವೆ.

ಅಳತೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಈ ಕಥೆಗಳು 2015ರಲ್ಲಿ ಹುಕ್ಡ್ ಅನ್ನುವ ಆ್ಯಪ್, 2017ರಲ್ಲಿ ಕಥೆಗಳ ಜಾಲತಾಣ ವಾಟ್‌ಪ್ಯಾಡಿನ ಟ್ಯಾಪ್ ಆ್ಯಪ್ ಬಂದ ಮೇಲೆ ಹದಿಹರೆಯದವರಲ್ಲಿ ಹಬ್ಬಿದವು. ಅಲ್ಲಿ ಒಂದು ಸಲ ಮುಟ್ಟಿದರೆ ಒಂದು ಮೆಸೇಜು. ಅಂದರೆ ಪ್ರತಿ ಸಾಲಿಗೂ ಓದುಗರು ಇನ್ನೊಮ್ಮೆ ಮುಟ್ಟಲೋ ಬೇಡವೋ ಅಂತ ತೀರ್ಮಾನ ಮಾಡುತ್ತಾರೆ. ಹಾಗಾಗಿ ಒಂದು ಮೆಸೇಜಿಗೆ ಹನ್ನೆರಡು ಪದ ಮೀರಬೇಡಿ, ಒಂದು ಕಂತಿಗೆ ಅರವತ್ತರಿಂದ ಎಂಬತ್ತು ಮೆಸೇಜು ಸಾಕು. ಗುಂಪು ಚಾಟ್ ಮಾಡಿದರೂ ಒಂದು ಹೊತ್ತಿಗೆ ಮೂರು ಜನಕ್ಕಿಂತ ಹೆಚ್ಚು ಮಾತಾಡಿಸಬೇಡಿ. ಹೊತ್ತು ಕಳೆದದ್ದನ್ನು ಮೆಸೇಜಿನ ಸಮಯದಲ್ಲೇ ತೋರಿಸಿ. ರಾತ್ರಿ 11:42ಕ್ಕೆ "ಇದೀಯಾ?" ಅಂತ ಬಂದು, ಅದರ ಕೆಳಗಿನ ಸಾಲು ಬೆಳಿಗ್ಗೆ 6:05ಕ್ಕೆ ಇದ್ದರೆ ನಡುವಿನ ರಾತ್ರಿಯನ್ನು ಓದುಗರೇ ತುಂಬಿಕೊಳ್ಳುತ್ತಾರೆ. ಡಿಲೀಟ್ ಆದ ಮೆಸೇಜೂ ಒಳ್ಳೆಯ ಉಪಾಯವೇ, ಆದರೆ ಒಂದು ಕಂತಿಗೆ ಒಂದೇ.

ಇನ್ನೊಂದು ಪ್ರಶ್ನೆ ಮೊದಲೇ ಕೇಳಿಕೊಳ್ಳಿ: ಇವರು ಫೋನ್ ಮಾಡದೆ ಯಾಕೆ ಟೈಪ್ ಮಾಡುತ್ತಿದ್ದಾರೆ? ಹಾಸ್ಟೆಲಲ್ಲಿ ದೀಪ ಆರಿಸಿದ್ದಾರೆ, ಬಸ್ಸಲ್ಲಿ ಪಕ್ಕದಲ್ಲಿ ಮಾವ ಕೂತಿದ್ದಾರೆ, ಹೀಗೆ ಕಾರಣ ಬೇಕು. ಕಾರಣ ಇಲ್ಲದಿದ್ದರೆ "ಈಗ ಬಾಗಿಲು ತೆಗೀತಿದೀನಿ, ಒಳಗೆ ಕತ್ತಲಿದೆ" ಅಂತ ಪಾತ್ರವೇ ನಿರೂಪಕನಾಗಿಬಿಡುತ್ತದೆ. ಹೆದರಿದವರು ಅಷ್ಟುದ್ದ ಟೈಪ್ ಮಾಡುವುದಿಲ್ಲ.

ನಿಮ್ಮ ಏಳನೇ ಸಾಲಿನಲ್ಲೂ ಅದೇ ಆಗಿದೆ. "ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು, ಆಗ ನೀನು ಎಂಟನೇ ಕ್ಲಾಸಿನಲ್ಲಿದ್ದೆ" ಅಂತ ಅಣ್ಣ ತಂಗಿಗೆ ಹೇಳುತ್ತಾನೆ. ಅವಳಿಗೆ ಅದು ಗೊತ್ತಿದೆ, ಅವನು ಹೇಳುತ್ತಿರುವುದು ನಮಗೆ. ಆ ಸಾಲು ತೆಗೆದು ಹೀಗೆ ಇಟ್ಟು ನೋಡಿ:

— ಸ್ಕೂಟರ್ ಕೊಟ್ಬಿಟ್ಟೆ ಕಣೇ
— ಅಪ್ಪಂದಾ?
— ಮೂರು ವರ್ಷದಿಂದ ನಿಂತೇ ಇತ್ತು
— ಡಿಕ್ಕಿಲಿ ಅವರ ಕನ್ನಡಕ ಇತ್ತಲ್ಲೋ ಅಣ್ಣಾ