ಕಥೆ ಹೇಳುವ ವಿಡಿಯೊ ಗೇಮ್‌ಗಳಲ್ಲಿ ಅಂಥದ್ದೇನಿದೆ? ಅದು ಬರೀ ಕಾಲಹರಣವಲ್ಲವೇ?

ಅಲ್ಲ. ‘ಇನ್ನೂ ಮಕ್ಕಳಾಟ ಬಿಟ್ಟಿಲ್ಲವೇ?’ ಎಂದು ಮನೆಗೆ ಬಂದ ನೆಂಟರು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ‘ದಿಸ್ ವಾರ್ ಆಫ್ ಮೈನ್’.

ಪೋಲೆಂಡಿನ ಸಂಸ್ಥೆಯೊಂದು 2014ರಲ್ಲಿ ತಂದ ಈ ಆಟಕ್ಕೆ 1990ರ ದಶಕದ ಯುದ್ಧದಲ್ಲಿ ಬೋಸ್ನಿಯಾದ ಸರಯೇವೊ ನಗರಕ್ಕೆ ಬಿದ್ದ ಮುತ್ತಿಗೆಯೇ ಪ್ರೇರಣೆ. ಇಲ್ಲಿ ನೀವು ಸೈನಿಕರಲ್ಲ, ಮುರುಕು ಮನೆಯಲ್ಲಿ ಅಡಗಿರುವ ಸಾಮಾನ್ಯ ಜನ. ಹಗಲು ಹೊರಬಿದ್ದರೆ ಗುಂಡೇಟು. ಹಗಲಿಡೀ ಒಲೆ, ಹಾಸಿಗೆ ಹೊಂದಿಸಿಕೊಂಡು ರಾತ್ರಿ ಆಹಾರ, ಔಷಧಿಗೆ ಅಲೆಯಬೇಕು. ಒಂದು ರಾತ್ರಿ ವೃದ್ಧ ದಂಪತಿಯ ಮನೆ ಸಿಗುತ್ತದೆ. ಮುದುಕ ಹಿಂದೆ ಹಿಂದೆಯೇ ಬಂದು ಬೇಡಿಕೊಳ್ಳುತ್ತಾನೆ; ತಡೆಯುವ ಶಕ್ತಿ ಅವನಿಗಿಲ್ಲ. ದೋಚಿದರೆ ನಿಮ್ಮವರ ಹೊಟ್ಟೆ ತುಂಬುತ್ತದೆ, ಆದರೆ ಮಾಡಿದ ತಪ್ಪು ಕಾಡಿ ಅವರೇ ಕುಗ್ಗಿಹೋಗುತ್ತಾರೆ. ನಾನು ಬರಿಗೈಯಲ್ಲಿ ಹಿಂತಿರುಗಿದೆ. ಪುಸ್ತಕದಲ್ಲಿ ಓದಿದ್ದರೆ ಕಳ್ಳನನ್ನು ಬೈದು ಪುಟ ತಿರುಗಿಸುತ್ತಿದ್ದೆ. ಇಲ್ಲಿ ಚೀಲ ನನ್ನ ಕೈಯಲ್ಲೇ ಇತ್ತು.

ಇದನ್ನು ಶಾಲಾ ವಿದ್ಯಾರ್ಥಿಗಳ ಶಿಫಾರಸು ಪಟ್ಟಿಗೆ ಸೇರಿಸುವುದಾಗಿ ಪೋಲೆಂಡ್ ಸರ್ಕಾರ 2020ರಲ್ಲಿ ಪ್ರಕಟಿಸಿತು.

ಗೀಳಿನ ಭಯ ಸುಳ್ಳಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇದೆ. ಆದರೆ ಹತೋಟಿ ತಪ್ಪಿ, ಓದು, ಕೆಲಸ, ಸಂಬಂಧಗಳು ಕೆಟ್ಟು, ಸಾಮಾನ್ಯವಾಗಿ 12 ತಿಂಗಳಾದರೂ ಹಾಗೆಯೇ ಮುಂದುವರಿದರೆ ಮಾತ್ರ ಅದಕ್ಕೆ ಆ ಹೆಸರು. ಹಣ ಪಣಕ್ಕಿಡುವ ಆ್ಯಪ್‌ಗಳನ್ನೂ ಇಂಥ ಕಥೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಅನುಮಾನವಿದ್ದರೆ, ಮನೆಯಲ್ಲಿ ಯಾರಾದರೂ ಆಡುವಾಗ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ‘ಈಗ ಏನಾಯಿತು?’ ಎಂದು ಕೇಳಿ ನೋಡಿ.