ಡೊಮಿನಿಕನ್ ರಿಪಬ್ಲಿಕ್‌ನ ಬೀಚ್ ಊರು ಪುಂಟಾ ಕಾನಾದಿಂದ ಎರಡು ದಿನ ಬಿಡುವು ಮಾಡಿಕೊಂಡು ಬೆಟ್ಟದೂರು ಹರಬಕೋವಾಗೆ ಹೋದರೆ ರಾಫ್ಟಿಂಗ್, ಜಲಪಾತ, ಪಿಕೊ ದುವಾರ್ತೆ ಶಿಖರ ಮೂರೂ ಆಗುತ್ತಾ?

ಆಗಲ್ಲ. ಪ್ಯಾಕೇಜ್ ಮಾರೋರು ಆರಾಮಾಗಿ ಆಗುತ್ತೆ ಅಂತಾರೆ, ನಮಗೂ ಹಾಗೇ ಅಂದಿದ್ದರು.

ನಾವು ನ್ಯೂಜೆರ್ಸಿಯಿಂದ ಹೋಗಿದ್ದು ಜನವರಿಯಲ್ಲಿ, ಆಫೀಸಿನ ಗೆಳೆಯರ ಜೊತೆ. ಕೆರಿಬಿಯನ್ ಅಂದಮೇಲೆ ಸಮುದ್ರ, ತೆಂಗಿನಮರ, ಚಡ್ಡಿ ಅಷ್ಟೇ ಅಂದುಕೊಂಡು ಬ್ಯಾಗ್ ತುಂಬಿದ್ದೆ. ಹರಬಕೋವಾ ಇರೋದು ಡೊಮಿನಿಕನ್ ರಿಪಬ್ಲಿಕ್‌ನ ನಟ್ಟನಡುವಿನ ಬೆಟ್ಟಸಾಲಿನಲ್ಲಿ, ಸುಮಾರು 530 ಮೀಟರ್ ಎತ್ತರದಲ್ಲಿ. ಸುತ್ತ ಪೈನ್ ಕಾಡು, ಕಾಫಿ ತೋಟ, ಊರ ಪಕ್ಕದಲ್ಲೇ ಹೊಳೆ. ಪುಂಟಾ ಕಾನಾದಿಂದ ಅಲ್ಲಿಗೆ ನಾಲ್ಕು ಗಂಟೆಗೂ ಮೇಲಿನ ದಾರಿ. ಪಿಕೊ ದುವಾರ್ತೆ ಹತ್ತೋದು ಅಲ್ಲಿಂದಲೂ ಅಲ್ಲ. ಮನಬಾವೊ ದಾಟಿ ಲಾ ಸಿಯೆನಗಾ ಅನ್ನೋ ಹಳ್ಳಿಗೆ ಹೋಗಬೇಕು, ಅದಕ್ಕೆ ಇನ್ನೊಂದಿಷ್ಟು ಘಾಟಿ ರಸ್ತೆ. ನಿಮ್ಮ ಎರಡು ದಿನದಲ್ಲಿ ಒಂದು ದಿನ ವ್ಯಾನಿನಲ್ಲೇ ಕಳೆದುಹೋಯ್ತು ಅಂದ್ಕೊಳ್ಳಿ.

ಪಿಕೊ ದುವಾರ್ತೆ 3,098 ಮೀಟರ್, ಇಡೀ ಕೆರಿಬಿಯನ್‌ನಲ್ಲೇ ಅತಿ ಎತ್ತರದ ಶಿಖರ. ಹಳ್ಳಿ ಇರೋದು ಸುಮಾರು 1,100 ಮೀಟರ್‌ನಲ್ಲಿ. ಹೋಗೋಕೇ 23 ಕಿಲೋಮೀಟರ್, ಬರೋಕೆ ಮತ್ತೆ ಅಷ್ಟೇ. ರಾತ್ರಿ ಲಾ ಕಂಪಾರ್ತಿಸಿಯೋನ್ ಅನ್ನೋ ಗುಡಿಸಲಲ್ಲಿ ತಂಗುತ್ತಾರೆ, ಅದು ಸುಮಾರು 2,450 ಮೀಟರ್. ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಐನೂರು ಮೀಟರ್ ಮೇಲೆ, ಕಟ್ಟಿಗೆ ಒಲೆಯ ಪಕ್ಕ ನೆಲದ ಮೇಲೆ ಮಲಗೋದು.

ಗೈಡ್ ಕಡ್ಡಾಯ. ಸಾಮಾನು ಹೊರೋಕೆ ಹೇಸರಗತ್ತೆ. ಬೇಕಿದ್ದರೆ ಕೂತು ಹೋಗೋಕೂ ಒಂದು ಸಿಗುತ್ತೆ. ಕುಮಾರ ಪರ್ವತ ಹತ್ತಿದವನು ನಾನು, ಕತ್ತೆ ಮೇಲೆ ಕೂತು ಹೋಗೋದಾ ಅಂತ ಬೇಡ ಅಂದೆ. ಅದು ದೊಡ್ಡ ತಪ್ಪಲ್ಲ, ನಡೆಯಬಹುದು. ತಪ್ಪಿದ್ದು ಬೇರೆ ಕಡೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಅದನ್ನೇ ಮಾಡ್ತಾರೆ.

ಜಾಕೆಟ್, ಒಣ ಸಾಕ್ಸ್, ತಲೆಗೆ ಕಟ್ಟೋ ಟಾರ್ಚ್ ಎಲ್ಲವನ್ನೂ ದೊಡ್ಡ ಬ್ಯಾಗಿಗೆ ಹಾಕಿ ಹೇಸರಗತ್ತೆ ಮೇಲೆ ಹೇರಿಸಿಬಿಟ್ಟೆ. ಅದು ನಮ್ಮ ಜೊತೆಗೇ ನಡೆಯುತ್ತೆ, ಬೇಕಾದಾಗ ತೆಗೆದುಕೊಂಡರಾಯ್ತು ಅನ್ನೋದು ನನ್ನ ಲೆಕ್ಕ. ನಡೆಯಲ್ಲ! ಹೊರೆ ಹೊತ್ತ ಪ್ರಾಣಿಗೆ ಅದರದೇ ವೇಗ. ಹೊಡೆದುಕೊಂಡು ಹೋಗೋನಿಗೆ ಮಳೆಗಿಂತ ಮುಂಚೆ ಗುಡಿಸಲು ಸೇರಿ ಒಲೆ ಹಚ್ಚೋ ಅವಸರ. ಮೊದಲ ತಂಗುದಾಣ ಲೋಸ್ ತಬ್ಲೋನೆಸ್ ದಾಟುವಷ್ಟರಲ್ಲೇ ನನ್ನ ಬ್ಯಾಗ್ ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿತ್ತು. ನನ್ನ ಹತ್ತಿರ ಉಳಿದಿದ್ದು ನೀರಿನ ಬಾಟಲಿ, ಫೋನು, ಮೈಮೇಲೆ ಕಾಟನ್ ಟೀ ಶರ್ಟು, ಜೀನ್ಸು. ಕೆಳಗೆ ಸೆಕೆ ಇದ್ದಿದ್ದರಿಂದ ಅದು ತಪ್ಪು ಅಂತ ಅನ್ನಿಸೋಕೂ ಕಾರಣ ಇರಲಿಲ್ಲ.

ಮಧ್ಯಾಹ್ನದ ಮೇಲೆ ಮಂಜು ಇಳಿಯಿತು, ಆಮೇಲೆ ಜಿಟಿಜಿಟಿ ಮಳೆ. ಬೆವರಿನಿಂದ ಅರ್ಧ ಒದ್ದೆಯಾಗಿದ್ದ ಕಾಟನ್ ಪೂರ್ತಿ ಒದ್ದೆಯಾಯ್ತು. ಕಾಟನ್ ಒಮ್ಮೆ ನೆನೆದರೆ ಆ ಎತ್ತರದ ಗಾಳಿಯಲ್ಲಿ ಒಣಗಲ್ಲ, ಮೈಯ ಬಿಸಿಯನ್ನೇ ಹೀರ್ತಾ ಇರುತ್ತೆ. ದಾರಿ ಬೇರೆ ಮೋಸದ್ದು. ಆಗ್ವಿತಾ ಫ್ರಿಯಾ ಅನ್ನೋ ಜಾಗದಲ್ಲಿ 2,650 ಮೀಟರ್ ತನಕ ಹತ್ತಿಸಿ, ಆಮೇಲೆ ಗುಡಿಸಲಿಗೆ ಇಳಿಸುತ್ತೆ. ಅಲ್ಲಿಗೆ ಬಂದಾಗ ಬಾಟಲಿಯ ಮುಚ್ಚಳ ತಿರುಗಿಸೋಕೆ ನನ್ನ ಬೆರಳು ಬಗ್ತಿರಲಿಲ್ಲ. ಗೈಡ್ ಜೇಬಿನಿಂದ ಕಪ್ಪು ಕಸದ ಚೀಲ ತೆಗೆದು, ಚಾಕುವಿನಲ್ಲಿ ತಲೆಗೊಂದು, ಕೈಗೆರಡು ತೂತು ಕೊರೆದು, ಮಗುವಿಗೆ ಅಂಗಿ ತೊಡಿಸೋ ಹಾಗೆ ನನಗೆ ತೊಡಿಸಿದ. ಕತ್ತಲಲ್ಲಿ ಇಳಿದಿದ್ದು ಗೆಳೆಯನ ಟಾರ್ಚಿನ ಬೆಳಕಲ್ಲಿ.

ಗುಡಿಸಲಲ್ಲಿ ಮೋರೊ ದೆ ಗ್ವಾಂದುಲೆಸ್ ಕೊಟ್ಟರು. ಹಸಿ ತೊಗರಿಕಾಳು ಹಾಕಿ ಮಾಡಿದ ಅನ್ನ, ಪಕ್ಕಕ್ಕೆ ಕರಿದ ಬಾಳೆಕಾಯಿ. (ಸಸ್ಯಾಹಾರಿಗಳು ಹೆದರಬೇಡಿ, ಆದರೆ ಮಾಂಸ ಹಾಕಬೇಡಿ ಅಂತ ಹಿಂದಿನ ದಿನವೇ ಹೇಳಿ.) ಬೆಳಗಿನ ಜಾವ ಉಳಿದವರು ಶಿಖರಕ್ಕೆ ಹೊರಟರು, ನಾನು ಜ್ವರದಲ್ಲಿ ಒಲೆ ಪಕ್ಕ ಮಲಗಿದ್ದೆ. ಐದು ಕಿಲೋಮೀಟರ್ ಮೇಲೆ ಸ್ವಾತಂತ್ರ್ಯದ ನಾಯಕ ದುವಾರ್ತೆಯ ಪ್ರತಿಮೆ ಇದೆ. ಅದನ್ನ ನಾನು ನೋಡಿದ್ದು ಗೆಳೆಯರ ಫೋನಿನಲ್ಲಿ.

ಈಗ ನಿಮ್ಮ ಪ್ಲಾನ್. ಎರಡೇ ದಿನ ಇದ್ದರೆ ಪಿಕೊ ದುವಾರ್ತೆ ಬಿಟ್ಟುಬಿಡಿ. ಹರಬಕೋವಾದಲ್ಲೇ ಒಂದು ರಾತ್ರಿ ಉಳಿದು ಬೆಳಗ್ಗೆ ‘ಯಾಕೆ ದೆಲ್ ನೋರ್ತೆ’ ಅನ್ನೋ ಹೊಳೆಯಲ್ಲಿ ರಾಫ್ಟಿಂಗ್ ಮಾಡಿ. ಅದು ಆ ದೇಶದ ಅತಿ ಉದ್ದದ ನದಿ, ಬೆಟ್ಟದ ನೀರಾದ್ದರಿಂದ ಒಳ್ಳೇ ತಣ್ಣಗಿರುತ್ತೆ. ಮಧ್ಯಾಹ್ನ ಬೈಗುವಾತೆ ಅಥವಾ ಹಿಮೆನೋವಾ ಜಲಪಾತ, ಎರಡರಲ್ಲಿ ಒಂದು ಸಾಕು. ನನಗೆ ತೂಗುಸೇತುವೆ ಮೇಲೆ ನಡೆದು ಹೋಗೋ ಹಿಮೆನೋವಾನೇ ಇಷ್ಟ.

ಆದ್ರೆ ಪುಂಟಾ ಕಾನಾ ಯಾಕೆ ಅಂತ ನನ್ನ ಪ್ರಶ್ನೆ. ರೆಸಾರ್ಟಿನಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಫೆ ತಿನ್ನೋಕೆ ಹೋಗೋದಾದ್ರೆ ಬೆಟ್ಟದ ಸುದ್ದಿ ಬೇಡ. ಬೆಟ್ಟವೇ ಬೇಕು ಅಂದ್ರೆ ಸಾಂತಿಯಾಗೊ ವಿಮಾನ ನಿಲ್ದಾಣಕ್ಕೆ ಟಿಕೆಟ್ ತೆಗೀರಿ. ನ್ಯೂಯಾರ್ಕ್ ಕಡೆಯಿಂದ ನೇರ ವಿಮಾನ ಇದೆ, ಅಲ್ಲಿಂದ ಹರಬಕೋವಾ ಹತ್ತಿರ. ಹೋಟೆಲ್ ಕೌಂಟರಿನಲ್ಲಿ ಏನೂ ಬುಕ್ ಮಾಡಬೇಡಿ. ಊರಿಗೆ ಹೋಗಿ ಅಲ್ಲಿನವರ ಹತ್ತಿರವೇ ಮಾತಾಡಿ, ದುಡ್ಡು ಗೈಡ್ ಕೈಗೇ ಹೋಗುತ್ತೆ. ಮೂರು ದಿನ ಬಿಡುವು ಸಿಕ್ಕಿದರೆ ಮಾತ್ರ ಶಿಖರ. ಆಗ ಜಾಕೆಟ್, ಟಾರ್ಚ್, ಮಳೆಕೋಟು ಮೂರನ್ನೂ ನಿಮ್ಮ ಬೆನ್ನ ಮೇಲೆ ಹೊರಿ, ಉಳಿದಿದ್ದು ಹೇಸರಗತ್ತೆಗೆ.

ಯಾವ ತಿಂಗಳು ಅಂತ ಬರೆದಿಲ್ಲ ನೀವು. ಈಸ್ಟರ್ ವಾರ ಆಗಿದ್ದರೆ ಮುಂದೂಡಿ. ಆಗ ಅರ್ಧ ದೇಶವೇ ಹೊಳೆ, ಬೆಟ್ಟ ಅಂತ ಹೊರಟಿರುತ್ತೆ, ರೂಮ್ ಸಿಗೋದೂ ಕಷ್ಟ.